ಹುಲಿಗೆವ್ವನ ಹೇಳಿಕೆ

ಗಂಗಾವತಿಯ ತಹಸೀಲು ಕಚೇರಿಯ ಎದುರು, ಬೇವಿನ ಮರದ ನೆರಳಿನಲ್ಲಿ ಚಾಪೆ ಹಾಸಿಕೊಂಡು ಅರ್ಜಿ ಬರೆದುಕೊಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಅದು ನಿಜಾಮರ ಕಾಲ. ಕಚೇರಿಯ ಭಾಷೆ ಉರ್ದು, ಜನರ ಭಾಷೆ ಕನ್ನಡ. ಅವೆರಡರ ನಡುವಿನ ಆ ಚಾಪೆಯಷ್ಟು ಜಾಗವೇ ನಮ್ಮ ಹೊಟ್ಟೆಪಾಡು. ಬಂದವರು ತಮ್ಮ ಕಷ್ಟವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ನಾವು ಅದನ್ನು ಉರ್ದುವಿನಲ್ಲಿ ಬರೆದು, ಒಮ್ಮೆ ಕನ್ನಡದಲ್ಲಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಒಳಗೆ ಕಳಿಸುತ್ತಿದ್ದೆವು.

ಹುಲಿಗೆವ್ವ ಬಂದದ್ದು ವೈಶಾಖದ ಒಂದು ಬೆಳಿಗ್ಗೆ. ಮರಳಿ ಎಂಬ ಊರಿನ ಆಚೆ, ಕಾಲುವೆ ನೀರಿನ ಭತ್ತದ ಗದ್ದೆಗಳಿರುವ ಒಂದು ಹಳ್ಳಿಯವಳು. ಮೂವತ್ತರ ಆಸುಪಾಸಿನ ವಯಸ್ಸು. ನೆರಳಿನೊಳಗೆ ಬರಲಿಲ್ಲ, ಬಿಸಿಲಲ್ಲೇ ನಿಂತಳು. ಅವಳ ಕೇರಿಯವರು ನಮ್ಮ ಚಾಪೆಯ ಹತ್ತಿರ ಬರುವ ವಾಡಿಕೆ ಇರಲಿಲ್ಲ.

"ಬರಿಯೋರು ನೀವ ಏನ್ರಿ?" ಎಂದಳು.

"ಹೌದವ್ವ. ಏನಾಗಬೇಕಿತ್ತು?"

"ನನ್ನ ಮಗಳನ್ನ ಧಣ್ಯಾರು ಅವರ ಬೀಗರ ಮನಿಗೆ ಕೊಡಾಕ ಹತ್ಯಾರ. ತಡೀಬೇಕ್ರಿ."

ನಾನು ಮದುವೆಯ ತಕರಾರು ಅಂದುಕೊಂಡೆ. "ಲಗ್ನ ಯಾವಾಗ?" ಅಂತ ಕೇಳಿದೆ.

"ಲಗ್ನ ಧಣ್ಯಾರ ಮಗಳದರಿ. ನನ್ನ ಮಗಳು ಬಳುವಳಿ. ಎರಡು ಆಕಳ, ತಾಮ್ರದ ಹಂಡೆ, ನನ್ನ ಮಗಳು. ಹುಣ್ಣಿಮಿ ಆದ ಮ್ಯಾಲ ಬಂಡಿ ಕಟ್ಟತಾರಂತ."

ಕೈಯಲ್ಲಿದ್ದ ಲೇಖಣಿಯನ್ನು ಕೆಳಗಿಟ್ಟೆ. ಮಗುವಿಗೆ ಇನ್ನೂ ಹಾಲು ಹಲ್ಲು ಪೂರಾ ಬಿದ್ದಿರಲಿಲ್ಲವಂತೆ.

ಅವಳು ನಿಂತಲ್ಲಿಯೇ ಹೇಳಿದಳು, ನಾನು ಕೇಳಿದೆ. ಅವಳ ಅಪ್ಪ ಒಂದು ಬರಗಾಲದಲ್ಲಿ ಜೋಳ ಸಾಲ ತಂದು ಧಣಿಯ ಮನೆಗೆ ಜೀತಕ್ಕೆ ನಿಂತಿದ್ದ. ಎಷ್ಟು ಜೋಳ ಅಂತ ಅವಳಿಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಅಣ್ಣ ನಿಂತ. ಕಾಲರಾ ಬಂದು ಅಣ್ಣ ಹೋದ ಮೇಲೆ ಇವಳು ನಿಂತಳು. ಆಗ ಅವಳಿಗೆ ಕೊಟ್ಟಿಗೆಯ ಸಗಣಿ ಬುಟ್ಟಿ ಎತ್ತುವಷ್ಟು ಬಲವಿರಲಿಲ್ಲ, ಎಳೆದುಕೊಂಡು ಹೋಗುತ್ತಿದ್ದಳಂತೆ. ಮದುವೆಯಾದಾಗ ಗಂಡ ಸ್ವತಂತ್ರನಾಗಿದ್ದ. ಮದುವೆಯ ಮರುವಾರವೇ ಧಣಿ ಅವನನ್ನು ಕರೆಸಿ, ಹೆಂಡತಿ ನಮ್ಮವಳಾದರೆ ಗಂಡನೂ ನಮ್ಮವನೇ ಎಂದು ನೊಗಕ್ಕೆ ಹೂಡಿದ. ಒಮ್ಮೆ ಅವಳು ಹುಲಿಗಿಯ ಅಮ್ಮನಿಗೆ ಹರಕೆ ಸಲ್ಲಿಸಲು ಕೇಳದೆ ಹೋಗಿದ್ದಕ್ಕೆ, ಬಂದ ಮೇಲೆ ಬಣವೆಯ ಕಂಬಕ್ಕೆ ಇಡೀ ದಿನ ಕಟ್ಟಿ ಹಾಕಿದ್ದರು.

ಇದನ್ನೆಲ್ಲ ಅಳದೆ ಹೇಳಿದಳು. ಅಳುವವರ ಅರ್ಜಿ ಬರೆಯುವುದು ನನಗೆ ರೂಢಿ. ಇವಳ ಎದುರು ನಾನು ತಡವರಿಸಿದೆ.

ಜೀತದ ಕರಾರುಗಳ ಬಗ್ಗೆ ಸರಕಾರ ಒಂದು ಕಾನೂನು ಮಾಡಿದೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ಕಚೇರಿಯವರು ಜೀತದಾಳನ್ನು ಭಗೇಲಾ ಎನ್ನುತ್ತಿದ್ದರು, ಅದಕ್ಕೆ ಭಗೇಲಾ ಕಾನೂನು ಅಂತಲೇ ಹೆಸರು. ಅಪ್ಪನ ಹೆಸರಿನ ಸಾಲ ಹೇಳಿ ಮಕ್ಕಳನ್ನು ಕಾಲಕಾಲಕ್ಕೂ ದುಡಿಸಿಕೊಳ್ಳುವುದು ಅದರ ಪ್ರಕಾರ ನಿಲ್ಲುವ ಮಾತಾಗಿರಲಿಲ್ಲ. ಆದರೆ ನಮ್ಮ ಮರದ ಕೆಳಗೆ ಯಾವ ಜೀತದಾಳೂ ಆ ತನಕ ಅದನ್ನು ಕೇಳಿಕೊಂಡು ಬಂದಿರಲಿಲ್ಲ.

ಕರಡು ಬರೆದೆ. ಉರ್ದು ಅರ್ಜಿಗೆ ಒಂದು ಸಿದ್ಧ ತಲೆಬರಹವಿರುತ್ತದೆ. ಗಂಡಸಾದರೆ ತನ್ನನ್ನು ಹುಜೂರರ ಗುಲಾಮ ಎಂದು, ಹೆಂಗಸಾದರೆ ಹುಜೂರರ ಕನೀಜ್ ಎಂದು ಕರೆದುಕೊಂಡೇ ಮುಂದಿನ ಮಾತು. ಆಮೇಲೆ ಅರ್ಜಿಯ ಕೊನೆಯವರೆಗೂ 'ನಾನು' ಎಂಬ ಮಾತು ಬರುವುದಿಲ್ಲ. ಕೈ ತಾನಾಗಿಯೇ ಹಾಗೆ ಬರೆಯಿತು. ಬರೆದದ್ದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳುತ್ತ ಹೋದೆ. ಮೊದಲ ಸಾಲಿಗೇ ಅವಳು ಕೈ ಎತ್ತಿ ನಿಲ್ಲಿಸಿದಳು.

"ಅದೇನ್ರಿ ಕನೀಜ ಅಂದ್ರ?"

"ತೊತ್ತು ಅಂತವ್ವ. ಮರ್ಯಾದಿ ಮಾತು ಅದು. ಎಲ್ಲಾರೂ ಹಂಗ ಬರಸ್ತಾರ. ದೊಡ್ಡ ದೊಡ್ಡ ಸಾಹುಕಾರ್ರೂ ಗುಲಾಮ ಅಂತನ ಬರಸ್ತಾರ."

"ಸಾಹುಕಾರ ಬರಸಿದ್ರ ಅದು ಬರೇ ಮಾತರಿ. ನಾ ಬರಸಿದ್ರ ಖರೇನ ಆಗ್ತೈತಿ." ಅವಳ ದನಿ ಏರಲಿಲ್ಲ. "ತೊತ್ತಲ್ಲ ಅಂತ ಹೇಳಾಕ ಇಷ್ಟು ದೂರ ನಡಕೋತ ಬಂದೀನಿ. ತೊತ್ತು ಅಂತ ಬರಕೊಂಡು ಒಳಗ ಹೋಗ್ಲೇನು?"

"ಮತ್ತ ಏನಂತ ಬರೀಲಿ?"

"ನಾನು ಅಂತ ಬರೀರಿ."

ಪಕ್ಕದ ಚಾಪೆಯಲ್ಲಿ ಒಬ್ಬ ಹಿರಿಯ ಮುನ್ಶಿ ಕೂಡುತ್ತಿದ್ದರು. ಅರ್ಜಿ ಬರೆಯುವುದನ್ನು ನನಗೆ ಕಲಿಸಿದವರೇ ಅವರು. ಕನ್ನಡಕ ತೆಗೆದು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹೊಸ ಹಾಳೆ ತೆಗೆದು 'ಮೈಂ' ಎಂದು ಶುರು ಮಾಡಿದೆ. ಆ ಜಾಗದಲ್ಲಿ ಆ ಶಬ್ದವನ್ನು ನಾನು ಬರೆದದ್ದು ಅದೇ ಮೊದಲು.

ಒಳಗೆ ಪೇಶ್ಕಾರ, ಅಂದರೆ ತಹಸೀಲ್ದಾರರ ಮುಂದೆ ಕಾಗದಗಳನ್ನು ಓದಿ ಇಡುವ ಗುಮಾಸ್ತ, ಒಂದೇ ಸಾಲು ಓದಿ ಹಾಳೆಯನ್ನು ನನ್ನ ಕಡೆ ತಳ್ಳಿದ. "ಯಾರಿದು ಮೈಂ? ಯಾವ ನವಾಬರ ಮಗಳಪ್ಪ ಈಕಿ?" ಕಾನೂನು ತೋರಿಸಿದೆ. ಭಾಷೆ ಸರಿ ಮಾಡಿ ತಾ ಎಂದ. ಭಾಷೆಯಲ್ಲಿ ತಪ್ಪಿಲ್ಲ ಎಂದೆ. ಹಾಗಾದರೆ ಊರ ಪಟೇಲನ ಖಾತ್ರಿ ತಾ ಎಂದ. ಪಟೇಲ ಧಣಿಯ ಹೆಂಡತಿಯ ಅಣ್ಣ. ತನ್ನ ಭಾವನ ಮನೆಯಲ್ಲಿ ಜೀತ ನಡೆದಿದೆ ಎಂದು ಆತ ಬರೆದುಕೊಡುವುದುಂಟೇ? ಮರುದಿನ ಮತ್ತೆ ಹೋದೆ. ಈ ಸಲ ಪೇಶ್ಕಾರ ಕಾಗದ ಮುಟ್ಟಲೂ ಇಲ್ಲ.

ಅದೇ ಮಧ್ಯಾಹ್ನ ಧಣಿಯ ಕಡೆಯವನೊಬ್ಬ ಕುದುರೆ ಕಟ್ಟಿ ನನ್ನ ಚಾಪೆಯ ಹತ್ತಿರ ಬಂದು ಕುಂತ. ಎಲೆಯಡಿಕೆ ಬಿಚ್ಚಿ ನನಗೂ ಕೊಟ್ಟ. ನಾನು ತಗೊಳ್ಳಲಿಲ್ಲ.

"ನೀವು ಒಕ್ಕಲುತನದ ಮನಿಯವರು," ಎಂದ. "ನಾಳೆ ನಿಮ್ಮ ಹೊಲಕ್ಕೂ ಆಳು ಬೇಕಾಗ್ತಾವು. ಇಂಥಾವಕ್ಕ ಬಾಯಿ ಕಲಿಸಿದ್ರ ಆಮ್ಯಾಗ ನಿಮ್ಮನ್ನೂ ಕೇಳ್ತಾವು."

"ಕೇಳ್ಲಿ ಬಿಡ್ರಿ."

"ಅರ್ಜಿ ಬರಿಯೂ ಸನದು ಸರಕಾರ ಕೊಟ್ಟಿದ್ದು. ಕೊಟ್ಟಾವರಿಗೆ ತಗೊಳ್ಳಾಕೂ ಬರ್ತೈತಿ," ಎಂದು ಎದ್ದು ಹೋದ.

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು. ಆ ಮನುಷ್ಯ ಹುಲಿಗೆವ್ವನನ್ನಾಗಲಿ ಅವಳ ಮಗಳನ್ನಾಗಲಿ ಒಮ್ಮೆಯೂ ಹೆಸರು ಹಿಡಿದು ಮಾತಾಡಿರಲಿಲ್ಲ. 'ಇಂಥಾವು' ಎಂದಿದ್ದ, ದನಗಳಿಗೆ ಅನ್ನುವ ಹಾಗೆ.

ಅವನು ಹೋದ ಮೇಲೆ ಹಿರಿಯ ಮುನ್ಶಿ ಮೊದಲ ಸಲ ಬಾಯಿ ಬಿಟ್ಟರು. "ಕಾಗದ ಒಳಗ ಹೋಗಂಗಿಲ್ಲ ಅಂದ್ರ ಆಕಿನ್ನ ಕರಕೊಂಡು ಹೋಗು ಬೇಟಾ. ತಹಸೀಲ್ದಾರ ಸಾಹೇಬರು ಊರೂರು ತಿರುಗಿ ತಕರಾರು ಕೇಳಾಕ ಮರಳಿಗೆ ದೌರೆ ಬರಾಕ ಹತ್ಯಾರ. ಡೇರೆದಾಗ ಪೇಶ್ಕಾರನ ಬಾಗಿಲಾ ಇರಂಗಿಲ್ಲ. ನಾಕು ಮಂದಿ ಎದುರಿಗೆ ಬಾಯಿಲೆ ಹೇಳಿದ್ದನ್ನ ಅವರು ಬರಸ್ಕೋಬೇಕಾಗ್ತೈತಿ." ಕನ್ನಡಕ ಒರೆಸುತ್ತ, "ಸಾಹೇಬರಿಗೆ ಕನ್ನಡ ಬರಂಗಿಲ್ಲ. ನಡುವ ಮಾತಾಡಾಕ ಒಬ್ಬ ಬೇಕು. ಅವನ ಸನದು ಮಾತ್ರ ಉಳಿಯಂಗಿಲ್ಲ," ಎಂದರು.

ನಾನೇ ಹೋಗುವುದೆಂದು ಅಲ್ಲಿಯೇ ತೀರ್ಮಾನ ಮಾಡಿದೆ. ಹುಣ್ಣಿಮೆ ಹತ್ತಿರ ಬಂದಿತ್ತು, ಯೋಚಿಸುತ್ತ ಕೂಡಲು ಪುರಸೊತ್ತಿರಲಿಲ್ಲ.

ಹುಲಿಗೆವ್ವನನ್ನು ಕಾಲುವೆಯ ದಂಡೆಯ ಮೇಲೆ ಕಂಡು ಕೆಲಸದ ರೀತಿ ತಿಳಿಸಿದೆ. ಒಂದೊಂದೇ ಮಾತು ಹೇಳಬೇಕು, ಹೇಳಿ ನಿಲ್ಲಬೇಕು, ನಾನು ಉರ್ದುವಿನಲ್ಲಿ ಹೇಳಿ ಮುಗಿಸುವ ತನಕ ಮುಂದಿನ ಮಾತು ಎತ್ತಬಾರದು. ಕಣ್ಣಾರೆ ಕಂಡದ್ದನ್ನು, ಮೈಯಾರೆ ಉಂಡದ್ದನ್ನು ಹೇಳಬೇಕು, ಯಾರೋ ಅಂದದ್ದು ಬೇಡ. ನಡುವೆ ಧಣಿ ಬೈದರೆ ಉತ್ತರ ಕೊಡಬಾರದು. ಕೊನೆಗೆ, ವಾಡಿಕೆಯಂತೆ, ಮೊದಲು ಸಾಹೇಬರ ಕಾಲಿಗೆ ಬೀಳು ಎಂದೆ.

"ಎಲ್ಲಾ ನೀವು ಹೇಳಿದಂಗ ಮಾಡ್ತೀನಿ ಅಣ್ಣಾರ. ಕಾಲಿಗಿ ಮಾತ್ರ ಬೀಳಂಗಿಲ್ಲ. ನಿಂತ ಹೇಳ್ತೀನಿ."

ಮರಳಿಯ ಮಾವಿನ ತೋಪಿನಲ್ಲಿ ಡೇರೆ ಹೊಡೆದಿದ್ದರು. ಡೇರೆಯ ಮುಂದೆ ಚಪ್ಪರ, ಚಪ್ಪರದಲ್ಲಿ ಮೇಜು, ಮೇಜಿನ ಹಿಂದೆ ತಹಸೀಲ್ದಾರರು, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ದೌರೆಯ ಊಟ ಉಪಚಾರವೆಲ್ಲ ಧಣಿಯ ಮನೆಯದೇ. ಆತ ಸಾಹೇಬರ ಬಲಗಡೆಗೆ ಕುರ್ಚಿ ಹಾಕಿಸಿಕೊಂಡು ಕುಂತಿದ್ದ. ಸುತ್ತ ನಾಲ್ಕಾರು ಹಳ್ಳಿಯ ಜನ. ಕಂದಾಯದ ತಕರಾರು, ನೀರಿನ ಪಾಳಿಯ ಜಗಳ ಎಲ್ಲ ಮುಗಿದ ಮೇಲೆ ನಾನು ಮುಂದೆ ಹೋಗಿ, ಭಗೇಲಾ ಕಾನೂನಿನಡಿ ಹೇಳಿಕೆ ಕೊಡುವವರೊಬ್ಬರು ಬಂದಿದ್ದಾರೆ ಎಂದೆ. ಧಣಿಯ ಮುಖ ನನ್ನ ಕಡೆ ತಿರುಗಿತು. ಸಾಹೇಬರು ಹುಬ್ಬು ಗಂಟಿಕ್ಕಿದರೂ, ಇಷ್ಟು ಜನರೆದುರು ಬೇಡವೆನ್ನಲಾರದೆ, ಕರೆಯಿರಿ ಎಂದರು.

ಅವಳು ಬಂದಳು. ಧಣಿಯ ಆಳುಗಳು ಅವಳನ್ನು ಚಪ್ಪರದಿಂದ ದೂರ, ಎತ್ತಿನ ಬಂಡಿಗಳು ನಿಂತ ಕಡೆ ತಡೆದು ನಿಲ್ಲಿಸಿದರು. ಅವಳು ಒಳಗೆ ಬಂದರೆ ಮೈಲಿಗೆ ಎಂದರು. ಅಲ್ಲಿಂದ ಅವಳ ದನಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸಾಹೇಬರು ನನಗೆ, ನೀನು ಹೋಗಿ ಕೇಳಿಕೊಂಡು ಬಂದು ಇಲ್ಲಿ ಹೇಳು ಎಂದರು. ಹಾಗೆ ಮಾಡಿದ್ದರೆ ಅವಳ ಮಾತು ನನ್ನ ಸುದ್ದಿಯಾಗುತ್ತಿತ್ತು, ಹೇಳಿಕೆ ಆಗುತ್ತಿರಲಿಲ್ಲ. "ಹುಜೂರ್, ನಾನು ಅಲ್ಲೇ ನಿಂತು ಹೇಳುತ್ತೇನೆ, ನನ್ನ ದನಿ ದೊಡ್ಡದು," ಎಂದು ಚಪ್ಪರ ಬಿಟ್ಟು ಹೋಗಿ ಬಿಸಿಲಿನಲ್ಲಿ ಅವಳ ಪಕ್ಕ ನಿಂತೆ. ನನ್ನ ಜಾತಿಯವರೇ ಕೆಲವರು ಗುಂಪಿನಲ್ಲಿದ್ದರು. ಅವರ ಗುಸುಗುಸು ನನಗೆ ಕೇಳಿಸಿತು.

"ನನ್ನ ಹೆಸರು ಹುಲಿಗೆವ್ವ," ಎಂದಳು.

ನಡುವೆ ನಿಂತು ಭಾಷೆ ತಿರುಗಿಸುವವರು 'ಈಕೆ ಹೀಗೆ ಹೇಳುತ್ತಾಳೆ' ಎಂದು ಹೇಳುವುದು ಪದ್ಧತಿ. ನಾನು ಹಾಗೆ ಹೇಳಲಿಲ್ಲ. "ಮೇರಾ ನಾಮ್ ಹುಲಿಗೆವ್ವ," ಎಂದು ಕೂಗಿ ಹೇಳಿದೆ. ಜನ ನಕ್ಕರು. ಮೀಸೆ ಹೊತ್ತ ಗಂಡಸು ಹಾಗಂದರೆ ಯಾರು ನಗುವುದಿಲ್ಲ! ನಗು ಇಳಿಯುವ ತನಕ ಅವಳು ಕಾದಳು.

"ನಮ್ಮಪ್ಪ ಸತ್ತ ದಿನ ನಮ್ಮಣ್ಣನ್ನ ಮಣ್ಣಿಗಿ ಬಿಡಲಿಲ್ಲ. ಅವತ್ತು ಧಣ್ಯಾರ ಗದ್ದಿಗಿ ನೀರು ಬಿಡೂ ಪಾಳಿ ಇತ್ತು."

ನಾನು ಅದನ್ನು ನನ್ನಪ್ಪ, ನನ್ನಣ್ಣ ಎಂದೇ ಹೇಳಿದೆ. ಈಗ ಯಾರೂ ನಗಲಿಲ್ಲ.

ಸಗಣಿ ಬುಟ್ಟಿಯದು ಹೇಳಿದಳು. ಗಂಡನನ್ನು ನೊಗಕ್ಕೆ ಹೂಡಿದ್ದು ಹೇಳಿದಳು. ಕಂಬಕ್ಕೆ ಕಟ್ಟಿದ್ದನ್ನು ಹೇಳುವಾಗ ಮುಂಗೈ ಮುಂದೆ ಚಾಚಿದಳು, ಹಗ್ಗದ ಗುರುತು ಇನ್ನೂ ಕಪ್ಪಗಿತ್ತು. ಅವಳು ಒಂದು ಮಾತು ಹೇಳಿ ನಿಲ್ಲುತ್ತಿದ್ದಳು, ನಾನು ಒಂದು ಮಾತು ಹೇಳಿ ನಿಲ್ಲುತ್ತಿದ್ದೆ. ಗುಮಾಸ್ತನ ಲೇಖಣಿ ಓಡುತ್ತಿತ್ತು. 'ನನ್ನನ್ನು ಕಟ್ಟಿದರು' ಎಂದು ಕೂಗಿ ಹೇಳುವಾಗ ನನ್ನ ದನಿ ಒಡೆಯಿತು. ಅವಳ ದನಿ ಒಡೆಯಲಿಲ್ಲ.

ಧಣಿ ಎದ್ದು ನಿಂತ. "ಮೂರು ತಲಿ ನಮ್ಮ ಅನ್ನ ಉಂಡಾರ ಇವರು. ಮನಿ ಮಕ್ಕಳಂಗ ಸಾಕೀವಿ. ಈಗ ಯಾರದೋ ಮಾತು ಕೇಳಿ ಉಪ್ಪುಂಡ ಮನಿಗಿ ಎರಡು ಬಗೀತಾಳ!"

ಉತ್ತರ ಕೊಡಬೇಡ ಎಂದು ನಾನು ಹೇಳಿದ್ದೆನಲ್ಲ, ಆ ಒಂದು ಮಾತನ್ನು ಅವಳು ಮೀರಿದಳು.

"ನಿಮ್ಮ ಅನ್ನ ಅಂತೀರಿ ಧಣಿ. ಅಗಿ ಹಚ್ಚಿದಾಕಿ ನಾನು, ಕಳೇವು ತಗದಾಕಿ ನಾನು, ಕೊಯ್ದಾಕಿ ನಾನು, ಒನಕಿ ಹಿಡದು ಕುಟ್ಟಿದಾಕೀನೂ ನಾನು. ಅದರಾಗ ನಿಮ್ಮದು ಏನೈತ್ರಿ? ಉಣ್ಣೂದೊಂದ."

ಇದನ್ನೂ ಒಂದಕ್ಷರ ಬಿಡದೆ ಉರ್ದುವಿನಲ್ಲಿ ಹೇಳಿದೆ. ಸಾಹೇಬರು ಮೀಸೆಯ ಮೇಲೆ ಕೈಯಾಡಿಸಿ ಬೇರೆ ಕಡೆ ನೋಡಿದರು. ಆಮೇಲೆ, "ಈಕೆಯ ಗಂಡ ಎಲ್ಲಿ? ಅವನು ಏನು ಹೇಳುತ್ತಾನೆ?" ಎಂದರು.

ಗಂಡನನ್ನು ಧಣಿಯ ಆಳುಗಳೇ ಮುಂದೆ ತಂದರು. ತಲೆ ತಗ್ಗಿಸಿ ನಿಂತ. ಹೆಗಲ ಮೇಲಿನ ವಸ್ತ್ರವನ್ನು ಹಿಂಡುತ್ತಿದ್ದ. "ಧಣ್ಯಾರು ಛಲೋ ನೋಡ್ಕೊಂಡಾರ್ರಿ. ನಮಗೇನೂ ತ್ರಾಸ ಇಲ್ರಿ," ಎಂದ.

ಗುಂಪಿನಲ್ಲಿ ಉಸಿರು ಬಿಟ್ಟ ಸದ್ದಾಯಿತು. ಧಣಿ ಕುಂತ. ಈಗ ನನ್ನ ಸರದಿ. ಸಾಹೇಬರಿಗೆ ಕನ್ನಡ ಬಾರದು. ಒಂದು ಶಬ್ದ ಆಚೀಚೆ ಮಾಡಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಒಂದೊಂದು ಮಾತನ್ನೂ ಅವಳದೇ ಎಂದು ಈ ತನಕ ನಿಲ್ಲಿಸಿದವನು, ಇವನ ಮಾತನ್ನು ತಿರುಚಿದರೆ ಮೊದಲಿನದೆಲ್ಲ ಬಿದ್ದುಹೋಗುತ್ತದೆ. "ಧಣಿಗಳು ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ನನಗೆ ಯಾವ ತೊಂದರೆಯೂ ಇಲ್ಲ," ಎಂದು ಇದ್ದದ್ದು ಇದ್ದ ಹಾಗೆ ಉರ್ದುವಿನಲ್ಲಿ ಹೇಳಿದೆ.

ಸಾಹೇಬರು ಲೇಖಣಿ ಎತ್ತಿದರು. ಇನ್ನು ಮುಗಿಯಿತು ಅಂದುಕೊಂಡೆ.

ಹುಲಿಗೆವ್ವ ಗಂಡನ ಎದುರು ಹೋಗಿ ನಿಂತಳು. ಬೈಯಲಿಲ್ಲ. "ನಿನಗ ತ್ರಾಸ ಇಲ್ಲಂದಿ, ಆತು. ಒಂದ ಹೇಳು. ಮಗಳನ್ನ ಬಂಡ್ಯಾಗ ಕುಂದ್ರಿಸಿ ಕಳಸ್ತೀಯೇನು? ನಿನ್ನ ಬಾಯಿಲೆ ಹೇಳು, ನಾ ಕೇಳ್ತೀನಿ."

ಅವನು ತಲೆ ಎತ್ತಿದ. ಧಣಿಯ ಕಡೆ ನೋಡಲಿಲ್ಲ, ಸಾಹೇಬರ ಕಡೆಯೂ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತ, "ಇಲ್ಲ," ಎಂದ. ಆಮೇಲೆ ತಾನೇ ಬೆಚ್ಚಿದವನಂತೆ ಮತ್ತೊಮ್ಮೆ ಜೋರಾಗಿ, "ಕಳಸಂಗಿಲ್ರಿ! ನನ್ನ ಮಗಳನ್ನ ಕಳಸಂಗಿಲ್ಲ!" ಎಂದ.

ಅದನ್ನು ಉರ್ದುವಿನಲ್ಲಿ ಹೇಳುವ ಕೆಲಸ ನನಗೆ ಉಳಿಯಲಿಲ್ಲ. ಸಾಹೇಬರಿಗೆ ಅರ್ಥವಾಗಿತ್ತು.

ಗುಮಾಸ್ತ ಹೇಳಿಕೆಯನ್ನು ಓದಿದ, ನಾನು ಅದನ್ನು ಕನ್ನಡದಲ್ಲಿ ಅವಳಿಗೆ ಕೇಳಿಸಿದೆ. ಅವಳು ಹೆಬ್ಬೆಟ್ಟು ಒತ್ತಿದಳು. ಸಾಹೇಬರು ದೊಡ್ಡ ಮಾತೇನೂ ಆಡಲಿಲ್ಲ. ಕರಾರಿನ ವಿಚಾರಣೆ ಕಚೇರಿಯಲ್ಲಿ ಆಗುತ್ತದೆ, ಅಲ್ಲಿಯ ತನಕ ಮಗುವನ್ನು ತಾಯಿಯಿಂದ ಅಗಲಿಸಕೂಡದು, ಇಷ್ಟು ಬರೆಸಿ ಸಹಿ ಹಾಕಿ ಎದ್ದರು. ಧಣಿಯ ಕಡೆಯವರು ಅದಕ್ಕೆ, ವಿಚಾರಣೆ ಮುಗಿಯಲಿ, ಲಗ್ನದ ಕೆಲಸಕ್ಕೆ ನಮ್ಮ ವಾಡೆಯಲ್ಲಿರುವ ಮಗು ಅಲ್ಲಿಯ ತನಕ ಅಲ್ಲೇ ಇರಲಿ, ತಾಯಿ ದುಡಿಯುವುದೂ ಅಲ್ಲೇ ಅಲ್ಲವೇ ಎಂದು ಅರ್ಥ ಮಾಡಿದರು. ನಾನು ವಾದಕ್ಕೆ ನಿಂತೆ. ಹುಲಿಗೆವ್ವ ನಿಲ್ಲಲಿಲ್ಲ.

ತೋಪಿನಿಂದ ಅವಳ ಊರಿಗೆ ಕಾಲುವೆಯ ದಂಡೆ ಹಿಡಿದು ನಡೆದಳು. ಗಂಡ ಹಿಂದೆ, ನಾನು ಹಿಂದೆ, ಅವಳ ಕೇರಿಯ ಜನ ಹಿಂದೆ. ಧಣಿಯ ವಾಡೆಯ ಮುಂಬಾಗಿಲು ತೆರೆದಿತ್ತು, ಲಗ್ನದ ಹಂದರ ಹಾಕುತ್ತಿದ್ದರು. ಅವಳು ಅದುವರೆಗೆ ಹಿತ್ತಿಲ ಬಾಗಿಲಿನಿಂದ ಮಾತ್ರ ಒಳಗೆ ಹೋದವಳು. ಅವತ್ತು ಮುಂಬಾಗಿಲ ಹೊಸ್ತಿಲ ಎದುರು ಹೋಗಿ ನಿಂತು, "ಗೌರೀ!" ಎಂದು ಕರೆದಳು. ಮದುಮಗಳ ಕೈಗೆ ಮೆಹೆಂದಿ ಅರೆಯುತ್ತಿದ್ದ ಮಗು ಹಸಿರು ಕೈಗಳನ್ನು ಮೇಲೆತ್ತಿಕೊಂಡು ಓಡಿ ಬಂತು. ಹಂದರ ಹಾಕುತ್ತಿದ್ದವರು ಗಳ ಹಿಡಿದುಕೊಂಡು ನಿಂತುಬಿಟ್ಟರು. ಧಣಿಯ ಹೆಂಡತಿ ಪಡಸಾಲೆಗೆ ಬಂದು, "ಯಾರ್ನ ಕೇಳಿ ಕರಕೊಂಡು ಹೊಂಟೀಯಲೇ?" ಎಂದಳು.

"ಹಡದಾಕಿ ಯಾರನ್ನ ಕೇಳ್ಬೇಕ್ರಿ?" ಎಂದು ಹುಲಿಗೆವ್ವ ಮಗಳನ್ನು ಸೊಂಟಕ್ಕೆ ಎತ್ತಿಕೊಂಡಳು. ಎತ್ತಿಕೊಳ್ಳುವ ವಯಸ್ಸು ಮೀರಿದ ಮಗು ಅದು. ಆದರೂ ಕೇರಿಯ ತನಕ ಇಳಿಸಲಿಲ್ಲ.

ಮರುದಿನ ಅವರ ಗುಡಿಸಲಿನ ಚಾವಣಿ ಕಿತ್ತು ಹಾಕಿದರು. ಗುಡಿಸಲು ಧಣಿಯ ಜಾಗದಲ್ಲಿತ್ತು. ಕೇರಿಯವರು ಹೆದರುತ್ತಲೇ ಒಬ್ಬೊಬ್ಬರಾಗಿ ಗರಿ, ಗಳ ತಂದುಕೊಟ್ಟು ಸರಕಾರಿ ಹಳ್ಳದ ದಂಡೆಯಲ್ಲಿ ಬೇರೆ ಗುಡಿಸಲು ಹಾಕಿಸಿದರು. ಮದುವೆಯ ದಿಬ್ಬಣ ಹೊರಟಿತು. ಬಂಡಿಯಲ್ಲಿ ಹಂಡೆ ಇತ್ತು, ಹಿಂದೆ ಆಕಳುಗಳು ನಡೆದವು.

ನನ್ನ ಸನದು ಆ ತಿಂಗಳೇ ಹೋಯಿತು. ಕಾರಣ ಬರೆದಿರಲಿಲ್ಲ. ಹಿರಿಯ ಮುನ್ಶಿ ತಮ್ಮ ಚಾಪೆಯಲ್ಲಿ ನನಗೆ ಜಾಗ ಕೊಟ್ಟರು. ಕರಡು ನಾನು ಬರೆಯುತ್ತಿದ್ದೆ, ಕೆಳಗೆ ಹೆಸರು ಅವರು ಹಾಕುತ್ತಿದ್ದರು. ಹುಲಿಹೈದರದ ಕಡೆಯಿಂದ, ಕುಷ್ಟಗಿಯ ಗಡಿಯ ಹಳ್ಳಿಗಳಿಂದ ಕೂಡ ಜೀತದವರು ಮರದ ಕೆಳಗೆ ಬರತೊಡಗಿದ್ದರು. ಅವರಲ್ಲಿ ಹೆಚ್ಚಿನವರು ಯಾವುದೋ ಸಂತೆಯಲ್ಲಿ ಹುಲಿಗೆವ್ವ ನಿಂತು ತನ್ನ ಕಥೆ ಹೇಳುವುದನ್ನು ಕೇಳಿ ಬಂದವರು. ಒಬ್ಬ ಮುದುಕ ತನ್ನ ಹೇಳಿಕೆಯ ನಡುವೆ ಅವಳ ಮಾತನ್ನೇ ತನ್ನದೆಂಬಂತೆ ಹೇಳಿಬಿಟ್ಟ. ನಿನ್ನದು ಹೇಳಪ್ಪ ಎಂದೆ. ಅವನಿಗೆ ತನ್ನದು ನೆನಪಾಗಲು ಹೊತ್ತು ಹಿಡಿಯಿತು. ನೆನಪಾದ ಮೇಲೆ ನಿಲ್ಲಿಸಲು ಆಗಲಿಲ್ಲ.

ವಿಚಾರಣೆ ಮಳೆಗಾಲದವರೆಗೂ ಎಳೆದಾಡಿತು. ಧಣಿ ಕರಾರು ತೋರಿಸಲಾರದೆ ಹೋದ. ಅಪ್ಪನ ಜೀತ ಅಪ್ಪನ ಜೊತೆಗೇ ಮುಗಿಯಿತು ಎಂದು ಆದೇಶವಾಯಿತು. ಅದನ್ನು ಓದಿ ಹೇಳಲು ನಾನು ಅವಳ ಗುಡಿಸಲಿಗೆ ಹೋದ ದಿನ ನಾಟಿಯ ಕಾಲ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಅಗೆ ಬಲಿತು ನಿಂತಿತ್ತು, ಧಣಿಯ ಗದ್ದೆಯಲ್ಲಿ ಮಾತ್ರ ಆಳಿಲ್ಲ. ಹುಲಿಗೆವ್ವ ಜೀತ ಬಿಟ್ಟ ಮೇಲೆ ಇನ್ನೂ ಮೂರು ಮನೆಯವರು ಬಿಟ್ಟಿದ್ದರು. ನಾನು ಕಾಗದ ಮಡಿಸುತ್ತಿದ್ದಾಗ ಧಣಿಯ ಕಡೆಯ ಆ ಕುದುರೆಯವನೇ ಬಂದ. ಕುದುರೆ ಇಳಿಯದೆ, "ಏ, ನಾಳೆ ನಾಟಿ ಐತಿ. ಕೇರಿ ಹೆಣ್ಮಕ್ಕಳನ್ನ ಕರಕೊಂಡು ಬಾ," ಎಂದ.

ಹುಲಿಗೆವ್ವ ಒಲೆಯ ಮುಂದಿನಿಂದ ಏಳಲಿಲ್ಲ. ರೊಟ್ಟಿ ಮಗುಚಿ ಹಾಕಿ, ಅವನ ಕಡೆ ಮುಖ ತಿರುಗಿಸಿದಳು.

"ಕೂಲಿ ಎಷ್ಟು ಕೊಡ್ತೀರಂತ ಧಣ್ಯಾರನ್ನ ಕೇಳಿಕೊಂಡು ಬರ್ರಿ. ಕೇರಿ ಹೆಣ್ಮಕ್ಕಳು ಕೂಡಿ ಮಾತಾಡ್ತೀವಿ. ಬರೂದು ಬಿಡೂದು ಆಮ್ಯಾಗ ಹೇಳ್ತೀವಿ."

ಅವನು ಕುದುರೆ ತಿರುಗಿಸಿ, ಕೇಳಿಕೊಂಡು ಬರಲು ಹೋದ.